ಮೂರು ಹಾಳೆಗಳ ಪಾಠ

ತರಗತಿ: 9. ವಿಷಯ: ಸಮಾಜ ವಿಜ್ಞಾನ. ಅವಧಿ: 40 ನಿಮಿಷ.

ಉದ್ದೇಶ: ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅಲ್ಲಿ ಓದುಗರೇ ಬರೆಯುತ್ತಾರೆ, ಓದುಗರೇ ತಿದ್ದುತ್ತಾರೆ. ಪ್ರತಿ ಲೇಖನದ ಹಿಂದೆ ಚರ್ಚೆಯ ಪುಟವೂ ತಿದ್ದುಪಡಿಗಳ ಇತಿಹಾಸವೂ ಇರುತ್ತವೆ. ಯೋಜನಾ ಕಾರ್ಯಕ್ಕೆ ಅದರಿಂದ ನಕಲು ಮಾಡುವ ಮಕ್ಕಳು ಈ ಹಿಂದಿನ ಪುಟಗಳನ್ನು ನೋಡಿರುವುದಿಲ್ಲ. ಜ್ಞಾನವನ್ನು ಹಲವರು ಸೇರಿ ಕಟ್ಟುವ ಬಗೆಯನ್ನು ಅವರಿಗೆ ತೋರಿಸುವುದು ನನ್ನ ಗುರಿಯಾಗಿತ್ತು.

ಚಟುವಟಿಕೆ: ದಾವಣಗೆರೆಯಿಂದ ನಾನು ಅಭ್ಯಾಸ ಬೋಧನೆಗೆ ಹೋಗುತ್ತಿದ್ದ ಹರಿಹರದ ಶಾಲೆಯಲ್ಲಿ ಆ ದಿನ ಕಂಪ್ಯೂಟರ್ ಸಿಗಲಿಲ್ಲ. ಗೋಡೆಗೆ ಮೂರು ಡ್ರಾಯಿಂಗ್ ಹಾಳೆ ಅಂಟಿಸಿ 'ಲೇಖನ', 'ಚರ್ಚೆ', 'ಇತಿಹಾಸ' ಎಂದು ಬರೆದೆ. ವಿಷಯ, ಊರಿನ ಹರಿಹರೇಶ್ವರ ದೇವಾಲಯ. ಹಳೆಯ ವಾಕ್ಯವನ್ನು ಅಳಿಸದೆ 'ಇತಿಹಾಸ'ಕ್ಕೆ ಸೇರಿಸಬೇಕು. ತಿದ್ದಿದವರು ಕಾರಣ ಬರೆದು ಹೆಸರು ಹಾಕಬೇಕು.

ನಡೆದದ್ದು: ಒಬ್ಬ ಹುಡುಗ "ದೇವಾಲಯ ಸಾವಿರ ವರ್ಷ ಹಳೆಯದು" ಎಂದು ಬರೆದ. ಒಬ್ಬ ಹುಡುಗಿ "ಹರಿಹರ ದೇವರು ಗುಹಾಸುರನನ್ನು ಕೊಂದ ಜಾಗ ಇದು" ಎಂದು ಬರೆದಳು. ನಾನು ಎರಡನೆಯದಕ್ಕೆ ಮಾತ್ರ ಕೆಂಪು ಗೆರೆ ಎಳೆದು "ಆಧಾರವಿಲ್ಲ" ಎಂದೆ.

"ನಮ್ಮಜ್ಜಿ ಹೇಳಿದ್ದು ಸುಳ್ಳೇನ್ರೀ ಮಿಸ್?" ಎಂದವಳು ಮತ್ತೆ ಮಾತಾಡಲಿಲ್ಲ.

ಮಾರ್ಗದರ್ಶಕ ಶಿಕ್ಷಕರು ಅವಧಿಯ ನಂತರ ಒಂದೇ ಪ್ರಶ್ನೆ ಕೇಳಿದರು: "ಸಾವಿರ ವರ್ಷಕ್ಕೆ ಆಧಾರ ಕೇಳಿದಿರಾ?" ನಾನು ಕೇಳಿರಲಿಲ್ಲ. ಸಂಖ್ಯೆ ಕಂಡದ್ದೇ ನಂಬಿದ್ದೆ. ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ, ಸುಮಾರು 1224ರಲ್ಲಿ. ಅಂದರೆ ಎಂಟುನೂರು ವರ್ಷ. ನನ್ನ ಕೆಂಪು ಗೆರೆಗೆ ನಾನೂ ಕಾರಣ ಬರೆದಿರಲಿಲ್ಲ, ಹೆಸರು ಹಾಕಿರಲಿಲ್ಲ. ನಾನು ಮಾಡಿದ ನಿಯಮವನ್ನು ಮೊದಲು ಮುರಿದವಳು ನಾನೇ.

ಮರುದಿನ ಎರಡೂ ವಾಕ್ಯಗಳನ್ನು 'ಚರ್ಚೆ' ಹಾಳೆಗೆ ತಂದೆ. ನನ್ನ ತಪ್ಪನ್ನು 'ಇತಿಹಾಸ'ದಲ್ಲಿ ಹೆಸರು ಸಹಿತ ಬರೆದೆ. ಚರ್ಚೆಯ ನಂತರ ಹುಡುಗ ತನ್ನ ವಾಕ್ಯ ತಿದ್ದಿದ. ಹುಡುಗಿ "ಸ್ಥಳಪುರಾಣದ ಪ್ರಕಾರ" ಎಂಬ ಎರಡು ಪದ ಸೇರಿಸಿದಳು. ಅಜ್ಜಿಯ ಕಥೆ ಲೇಖನದಲ್ಲಿ ಉಳಿಯಿತು, ತನ್ನ ಜಾಗದಲ್ಲಿ.

ಅವಲೋಕನ: ಹಂಚಿಕೊಂಡ ಜ್ಞಾನದಲ್ಲಿ ಆಧಾರದ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಬೇಕು, ಶಿಕ್ಷಕರಿಗೂ. ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಎರಡು ಅವಧಿ ಇಟ್ಟುಕೊಳ್ಳಿ. ಚರ್ಚೆಯ ಹಾಳೆ ತುಂಬುವ ಮೊದಲು ಕೆಂಪು ಪೆನ್ನು ತೆಗೆಯಬೇಡಿ.