ಒಂದು ಇರುವೆ ಕಚ್ಚಿದ್ದಕ್ಕೆ



ಮಂಗಸೂಳಿಯ ಮಕ್ತಬ್‌ನಲ್ಲಿ ಮೊನ್ನೆ ಸಂಜೆ ಪಾಠ ಅರ್ಧಕ್ಕೇ ನಿಂತಿತು. ಗೋಡೆಯ ಮೇಲೆ ಅಂಗೈಯಗಲದ ಕಂದು ಜೇಡವೊಂದು ಕಾಣಿಸಿಕೊಂಡಿತ್ತು. ಹುಡುಗನೊಬ್ಬ ಚಪ್ಪಲಿ ಎತ್ತಿಕೊಂಡು, "ಹಜರತ್, ಹೊಡೀಲೇನ್ರಿ?" ಎಂದ. ಅವನು ಕೇಳಿದ್ದೇ ದೊಡ್ಡದು. ನಾವು ಹಿರಿಯರು ಅಷ್ಟೂ ಕೇಳುವುದಿಲ್ಲ.

ಹತ್ತಿರ ಹೋಗಿ ನೋಡಿದೆವು. ಹೊಟ್ಟೆಯಡಿ ಬಿಲ್ಲೆಯಂತಹ ಬಿಳಿ ಚೀಲವಿತ್ತು. ಅದು ತಾಯಿ ಜೇಡ. ಮೊಟ್ಟೆಗಳನ್ನು ಹೊತ್ತು ತಿರುಗುತ್ತಿತ್ತು. ಈ ಜಾತಿ ಬೇಟೆಗಾಗಿ ಬಲೆ ಕಟ್ಟುವುದಿಲ್ಲ. ಹಗಲೆಲ್ಲ ಸಂದಿಯಲ್ಲಿದ್ದು ರಾತ್ರಿ ಜಿರಲೆ ಹಿಡಿಯುತ್ತದೆ. ಕೈಯಲ್ಲಿ ಹಿಡಿದು ಕಾಡಿದರೆ ಕಚ್ಚೀತು, ಆದರೆ ಪ್ರಾಣಭಯವಿಲ್ಲ. ಪವಿತ್ರ ಕುರ್‌ಆನ್ ಜೇಡನ ಮನೆಯನ್ನು ಅತ್ಯಂತ ದುರ್ಬಲವೆಂದು ಹೇಳಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿರುವ ಆಕ್ಷೇಪ ಅಲ್ಲಾಹನನ್ನು ಬಿಟ್ಟು ಅನ್ಯರನ್ನು ಆಸರೆಯಾಗಿ ನಂಬಿದವರ ಮೇಲೆ, ಜೇಡದ ಮೇಲಲ್ಲ.

ಆ ದಿನ ಮಕ್ಕಳಿಗೆ ಹೇಳಿದ್ದು ಇನ್ನೊಂದು ಪ್ರಸಂಗ. ಹಿಂದಿನ ಕಾಲದ ಒಬ್ಬ ಪ್ರವಾದಿಗೆ ಒಂದು ಇರುವೆ ಕಚ್ಚಿತು. ಅವರು ಗೂಡನ್ನೇ ಸುಡಿಸಿದರು. ಕಚ್ಚಿದ್ದು ಒಂದು, ನಾಶವಾದದ್ದು ಅಲ್ಲಾಹನನ್ನು ಸ್ತುತಿಸುವ ಒಂದು ಸಮುದಾಯವೇ ಎಂಬ ಎಚ್ಚರಿಕೆ ಅವರಿಗೆ ಬಂತು. ಬುಖಾರಿಯಲ್ಲಿರುವ ಹದೀಸ್ ಇದು.

ನಮ್ಮ ಕಬ್ಬಿನ ಗದ್ದೆಗಳಲ್ಲಿ ಈ ಪಾಠವನ್ನು ನಾನು ಬಾಲ್ಯದಲ್ಲೇ ಕಂಡಿದ್ದೆ, ಆಗ ಅರ್ಥವಾಗಿರಲಿಲ್ಲ. 2002ರಲ್ಲಿ ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ನಮ್ಮ ಬೆಳಗಾವಿ ಜಿಲ್ಲೆಗೂ ನುಗ್ಗಿತು. ಗಡಿಯ ಜನ ಅದನ್ನು 'ಲೋಕರಿ ಮಾವಾ' ಎನ್ನುತ್ತಿದ್ದರು. ಎಲೆಯ ಅಡಿಭಾಗದಲ್ಲಿ ಹತ್ತಿ ಮೆತ್ತಿದ ಹಾಗೆ ಕುಳಿತು ರಸ ಹೀರುವ ಕೀಟ. ಅದು ಸುರಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮೇಲೆ ಬಿಳಿ, ಕೆಳಗೆ ಮಸಿ. ಗಂಡಿನ ಸಂಗವಿಲ್ಲದೆಯೇ ಹೆಣ್ಣು ಮರಿ ಹಾಕುವುದರಿಂದ ಕೆಲವೇ ವಾರಗಳಲ್ಲಿ ಗದ್ದೆ ತುಂಬುತ್ತದೆ. ನನ್ನ ತಂದೆಯೂ ಎಲ್ಲರಂತೆ ಸಾಲ ಮಾಡಿ ಔಷಧಿ ಹೊಡೆಸಿದರು. ಆಳೆತ್ತರದ ಕಬ್ಬಿನೊಳಗೆ ಸಿಂಪಡಣೆ ಸರಿಯಾಗಿ ತಲುಪಲಿಲ್ಲ; ತಲುಪಿದಲ್ಲಿ ಹೇನಿನ ಜೊತೆ ಅದನ್ನು ತಿನ್ನುವ ಹುಳಗಳೂ ಸತ್ತವು.

ಹೌದು, ತಿನ್ನುವವೂ ಅಲ್ಲೇ ಇದ್ದವು! ಡೈಫಾ ಎಂಬ ಸಣ್ಣ ಪತಂಗದ ಮರಿಹುಳು ಹೇನುಗಳ ನಡುವೆಯೇ ನೂಲು ನೇಯ್ದುಕೊಂಡು ಅವನ್ನು ಮುಕ್ಕುತ್ತದೆ. ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಕೀಟ ಮರಿಯಾಗಿದ್ದಾಗಲೂ ಬೆಳೆದ ಮೇಲೂ ಇದನ್ನೇ ತಿನ್ನುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇವನ್ನು ಸಾಕಿ, ಬೆಳೆಸಿ, ಗದ್ದೆಗಳಿಗೆ ಬಿಡಿಸಿದರು. ಇವು ಕಂಡಲ್ಲಿ ಔಷಧಿ ಹೊಡೆಯಬೇಡಿ ಎಂಬ ಸಲಹೆ ಬಂತು. ಪೀಡೆ ಇಳಿಯಿತು. ಗೂಡು ಸುಡುವ ಆತುರದಲ್ಲಿ ನಾವು ನಮ್ಮ ಸಹಾಯಕರನ್ನೇ ಕೊಂದಿದ್ದೆವು.

ಹಾಗೆಂದು ಎಲ್ಲವನ್ನೂ ಮನೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತಿಲ್ಲ. ಇರುವೆ, ಜೇನುನೊಣಗಳನ್ನು ಕೊಲ್ಲಬಾರದೆಂದ ಪ್ರವಾದಿವರ್ಯರೇ(ಸ) ಚೇಳನ್ನು ನಮಾಝಿನಲ್ಲಿದ್ದರೂ ಕೊಲ್ಲಲು ಅಪ್ಪಣೆ ಕೊಟ್ಟಿದ್ದಾರೆ. ನಮ್ಮ ಭಾಗದ ಕೆಂಪು ಚೇಳು ಚಿಕ್ಕದು, ಆದರೆ ಅದರ ವಿಷ ಮಕ್ಕಳ ಹೃದಯ, ಶ್ವಾಸಕೋಶಗಳನ್ನು ಕೆಡಿಸಬಲ್ಲದು. ಕುಟುಕಿದ ಮೇಲೆ ವಾಂತಿ, ಮೈಯೆಲ್ಲ ಬೆವರು, ತಣ್ಣಗಾದ ಕೈಕಾಲು ಕಂಡರೆ ಊದಿಸಲು, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಮಾತ್ರೆಯಿಂದ ಇಂಥ ಮಕ್ಕಳು ಬದುಕುವುದನ್ನು ತೋರಿಸಿಕೊಟ್ಟರು. ದುಆ ದಾರಿಯಲ್ಲೇ ಮಾಡಬಹುದು. ಮಗು ಮೊದಲು ಆಸ್ಪತ್ರೆಗೆ ಹೊರಡಲಿ.

ಅಂದು ಆ ಜೇಡದ ಮೇಲೆ ಡಬ್ಬಿ ಬೋರಲು ಹಾಕಿ, ಅಡಿಗೆ ರಟ್ಟು ಸರಿಸಿ, ಹಿತ್ತಲಿನ ಕಲ್ಲುಗೋಡೆಯ ಮೇಲೆ ಬಿಟ್ಟೆವು. ಡಬ್ಬಿ ಹಿಡಿದವನು ಚಪ್ಪಲಿ ಎತ್ತಿದ್ದ ಅದೇ ಹುಡುಗ.