ಬಂದೂಕಿನೊಳಗಿನ ಬೀಗ: ಅದರ ಉಪಯೋಗ ಮತ್ತು ಮಿತಿ

ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡಿರುವ ಮನೆಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ಆದರೂ ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕುಗಳಲ್ಲಿ ಕಾವಲು ಕೆಲಸಕ್ಕೆ ಸೇರಿದವರು, ಊರಿನಲ್ಲಿ ಬೆಳೆರಕ್ಷಣೆಗಾಗಿ ಕೋವಿ ಹೊಂದಿರುವ ರೈತರು, ಹಿರಿಯರಿಂದ ಬಂದ ಜೋಡುನಳಿಗೆ ಬಂದೂಕನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದವರು ನಮ್ಮ ನಡುವೆ ಇದ್ದಾರೆ. ಇವರಲ್ಲಿ ಅನೇಕರು "ನಮ್ಮ ಬಂದೂಕಿಗೆ ಲಾಕ್ ಇದೆ, ಭಯವಿಲ್ಲ" ಎಂದು ಹೇಳುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಜನರು ಲಾಕ್ ಎಂದು ಕರೆಯುವುದು ಬಹುಮಟ್ಟಿಗೆ ಲಾಕ್ ಅಲ್ಲ, ಸೇಫ್ಟಿ. ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕಿನಲ್ಲಿ ನಳಿಗೆಗಳ ಹಿಂಭಾಗದಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಹಿಂದಕ್ಕೆ ಸರಿಸಿದರೆ ಟ್ರಿಗರ್ ಅಲುಗುವುದಿಲ್ಲ, ಮುಂದಕ್ಕೆ ತಳ್ಳಿದರೆ ಬಂದೂಕು ಹಾರಲು ಸಿದ್ಧ. ಕಾಡಿನಲ್ಲಿ ನಡೆಯುವಾಗ ಬೆರಳು ತಾಗಿ ಈಡು ಹಾರದಿರಲಿ ಎಂಬುದೇ ಇದರ ಉದ್ದೇಶ. ಇದನ್ನು ಸರಿಸಲು ಬೀಗದಕೈ ಬೇಡ, ಬಲವೂ ಬೇಡ. ಎಂಟು ವರ್ಷದ ಮಗುವಿನ ಬೆರಳು ಸಾಕು. ಹೀಗಿರುವಾಗ ಸೇಫ್ಟಿಯನ್ನು ನಂಬಿ ತೋಟಾ ತುಂಬಿದ ಬಂದೂಕನ್ನು ಗೋಡೆಗೆ ಒರಗಿಸಿಡುವುದು ಬಾಗಿಲಿಗೆ ಅಗುಳಿ ಹಾಕದೆ ಪರದೆಯನ್ನು ಮಾತ್ರ ಎಳೆದಂತೆ.

ಬೀಗದಕೈಯಿಂದಲೇ ತಿರುಗಿಸಬೇಕಾದ, ಬಂದೂಕಿನ ಯಂತ್ರದ ಒಳಗೇ ಅಳವಡಿಸಿದ ಬೀಗಗಳು ಬಳಕೆಗೆ ಬಂದದ್ದು ಈಚೆಗೆ. ಬ್ರೆಜಿಲ್ ದೇಶದ ಟಾರಸ್ ಕಂಪೆನಿಯು 1990ರ ದಶಕದ ಕೊನೆಯಲ್ಲಿ ಇಂತಹ ಬೀಗವನ್ನು ಅಳವಡಿಸತೊಡಗಿತು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪೆನಿಯು 2000ದ ಮಾರ್ಚಿಯಲ್ಲಿ ಅಲ್ಲಿನ ಸರ್ಕಾರದೊಡನೆ ಒಂದು ಒಪ್ಪಂದ ಮಾಡಿಕೊಂಡು, ತನ್ನ ಕೈಬಂದೂಕುಗಳಿಗೆ ಒಳಬೀಗ ಕೊಡಲು ಒಪ್ಪಿಕೊಂಡಿತು. ಆ ಕಂಪೆನಿಯ ರಿವಾಲ್ವರಿನ ಎಡಬದಿಯಲ್ಲಿ ಸೂಜಿಯ ತಲೆಗಿಂತ ತುಸು ದೊಡ್ಡದಾದ ರಂಧ್ರವೊಂದನ್ನು ಕಾಣಬಹುದು. ಚಿಕ್ಕ ಕೈಯನ್ನು ಅದರೊಳಗೆ ತೂರಿಸಿ ತಿರುಗಿಸಿದರೆ ಒಳಗಿನ ಲೋಹದ ತುಂಡೊಂದು ಮೇಲೆದ್ದು ಹ್ಯಾಮರನ್ನು ಹಿಡಿದು ನಿಲ್ಲಿಸುತ್ತದೆ. ಹ್ಯಾಮರ್ ಚಲಿಸದೆ ಗುಂಡು ಹಾರದು. ಕೆಲಸ ಸರಳ, ಉಪಾಯ ಜಾಣತನದ್ದು.

ಆದರೆ ಈ ಉಪಾಯದ ಮಿತಿಗಳನ್ನೂ ತಿಳಿದಿರಬೇಕು. ಯಾರಾದರೂ ಕೈ ತಿರುಗಿಸಿದಾಗ ಮಾತ್ರ ಅದು ಬೀಗ. ತಿರುಗಿಸುವುದನ್ನು ಮರೆತ ದಿನ ಅದು ಬರಿಯ ರಂಧ್ರ. ಮೇಲಾಗಿ ಅದು ಹ್ಯಾಮರನ್ನು ಹಿಡಿಯುತ್ತದೆಯೇ ಹೊರತು ಗುಂಡನ್ನು ಹೊರತೆಗೆಯುವುದಿಲ್ಲ. ತೋಟಾ ಒಳಗಿರುವಾಗಲೇ ಬೀಗ ಹಾಕಿಡಲು ಸಾಧ್ಯವಾದ್ದರಿಂದ, ಬೀಗ ತೆರೆದ ಕ್ಷಣ ಆಯುಧವು ತುಂಬಿದ ಸ್ಥಿತಿಯಲ್ಲೇ ಕೈಗೆ ಬರುತ್ತದೆ. ಒಂದೇ ಕಂಪೆನಿಯ ಬೀಗದಕೈಗಳು ಅದೇ ಮಾದರಿಯ ಬೇರೆ ಬಂದೂಕುಗಳಿಗೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಕಳ್ಳನ ವಿಷಯದಲ್ಲಂತೂ ಒಳಬೀಗ ಹೆಚ್ಚಿನ ತಡೆಯಾಗದು. ಅವನು ಬಂದೂಕನ್ನೇ ಎತ್ತಿಕೊಂಡು ಹೋಗುತ್ತಾನೆ, ಬಳಿಕ ಅದನ್ನು ಬಿಚ್ಚಲು ಅವನಿಗೆ ಬೇಕಾದಷ್ಟು ಕಾಲಾವಕಾಶ ಇರುತ್ತದೆ. ಒಳಬೀಗವು ಗುಂಡು ಹಾರಿಸುವಾಗ ತಾನಾಗಿ ಬಿದ್ದೀತೆಂಬ ಅಂಜಿಕೆಯಿಂದ ಅದನ್ನು ತೆಗೆಸಿಹಾಕಿದ ಮಾಲೀಕರೂ ಅಮೆರಿಕದಲ್ಲಿ ಇದ್ದಾರೆ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಜೋಡುನಳಿಗೆ ಬಂದೂಕುಗಳಲ್ಲಾದರೋ ಇಂತಹ ಒಳಬೀಗದ ಪ್ರಶ್ನೆಯೇ ಸಾಮಾನ್ಯವಾಗಿ ಏಳುವುದಿಲ್ಲ.

ಹೊರಗಿನಿಂದ ಹಾಕುವ ಬೀಗಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಟ್ರಿಗರಿನ ಎರಡೂ ಬದಿಗೆ ಕಚ್ಚಿಕೊಳ್ಳುವ ಬೀಗವನ್ನು ತೋಟಾ ತುಂಬಿದ ಬಂದೂಕಿಗೆ ಹಾಕಲೇಬಾರದು. ಹಾಕುವಾಗ ಅದೇ ಟ್ರಿಗರನ್ನು ಒತ್ತಿಬಿಡುವ ಅಪಾಯವಿದೆ. ನಳಿಗೆಯ ಮೂಲಕ ಪೋಣಿಸುವ ತಂತಿಯ ಬೀಗಕ್ಕೆ ಒಂದು ಗುಣವಿದೆ: ತಂತಿ ಒಳಗಿರುವವರೆಗೆ ತೋಟಾ ತುಂಬಲಾಗದು. ಆದರೆ ತಂತಿಯನ್ನು ಕತ್ತರಿಸುವುದು ಕಷ್ಟವಲ್ಲ. ಅಮೆರಿಕದಲ್ಲಿ ಬಂದೂಕು ಉದ್ಯಮದ ಸಂಸ್ಥೆಯೊಂದು ಸಾರ್ವಜನಿಕರಿಗೆ ಉಚಿತವಾಗಿ ಹಂಚಿದ್ದ ಸುಮಾರು 4 ಲಕ್ಷ ಬೀಗಗಳನ್ನು, ಕೈ ಇಲ್ಲದೆಯೇ ತೆರೆದುಕೊಳ್ಳಬಹುದೆಂಬ ಕಾರಣಕ್ಕೆ 2001ರಲ್ಲಿ ಬದಲಿಸಿಕೊಡಬೇಕಾಯಿತು.

ವಿದ್ಯುನ್ಮಾನ ಸಾಧನಗಳು ಬಂದ ಮೇಲೆ ಈ ದೋಷಗಳೆಲ್ಲ ತೀರಿದವೆಂದು ಭಾವಿಸಿದವರಿದ್ದರು. ಜರ್ಮನಿಯ ಆರ್ಮಟಿಕ್ಸ್ ಕಂಪೆನಿಯ ಪಿಸ್ತೂಲೊಂದು ತನ್ನ ಜೋಡಿ ಕೈಗಡಿಯಾರ ಹತ್ತಿರವಿದ್ದರೆ ಮಾತ್ರ ಹಾರುತ್ತಿತ್ತು. ಅಗ್ಗದ ಕೆಲವು ಅಯಸ್ಕಾಂತಗಳನ್ನು ಪಕ್ಕಕ್ಕೆ ಹಿಡಿದು ಗಡಿಯಾರವಿಲ್ಲದೆಯೇ ಅದನ್ನು ಹಾರಿಸಬಹುದೆಂದು 2017ರಲ್ಲಿ ತಜ್ಞರೊಬ್ಬರು ತೋರಿಸಿಕೊಟ್ಟರು. ಬೆರಳಚ್ಚಿನಿಂದ ತೆರೆಯುವ ಸುಮಾರು 61 ಸಾವಿರ ಬಂದೂಕು ಪೆಟ್ಟಿಗೆಗಳನ್ನು 2023ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಪಡೆಯಲಾಯಿತು. ಮಾಲೀಕನದಲ್ಲದ ಬೆರಳಿಗೂ ಅವು ತೆರೆದುಕೊಳ್ಳುತ್ತಿದ್ದವು. ಹನ್ನೆರಡು ವರ್ಷದ ಬಾಲಕನೊಬ್ಬನ ಸಾವಿಗೂ ಇಂತಹ ಪೆಟ್ಟಿಗೆಗೂ ಸಂಬಂಧವಿದೆಯೆಂದು ನ್ಯಾಯಾಲಯದಲ್ಲಿ ದಾವೆ ಹೂಡಲಾಗಿತ್ತು.

ಆದರೂ ಹೆಚ್ಚಿನ ದುರಂತಗಳಲ್ಲಿ ಸೋಲುವುದು ಬೀಗವಲ್ಲ, ಬೀಗ ಹಾಕುವ ಅಭ್ಯಾಸ. ಮಿಶಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 2021ರ ನವೆಂಬರ್ 30ರಂದು ಹದಿನೈದು ವರ್ಷದ ವಿದ್ಯಾರ್ಥಿಯೊಬ್ಬನು ತನ್ನ ತಂದೆ ಕೊಂಡಿದ್ದ ಪಿಸ್ತೂಲಿನಿಂದ ನಾಲ್ವರು ಸಹಪಾಠಿಗಳನ್ನು ಕೊಂದನು. ಪಿಸ್ತೂಲಿನೊಡನೆ ಅಂಗಡಿಯವರು ಕೊಟ್ಟಿದ್ದ ತಂತಿಬೀಗವು ಬಳಕೆಯಾಗದೆ ತನ್ನ ಹೊದಿಕೆಯಲ್ಲೇ ಉಳಿದಿತ್ತು. ತಂದೆತಾಯಿಗಳಿಬ್ಬರೂ 2024ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ ಶಿಕ್ಷೆಗೊಳಗಾದರು.

ಹಾಗಾದರೆ ಯಾವುದು ಪರಿಣಾಮಕಾರಿ? ಅಮೆರಿಕದ ವೈದ್ಯಕೀಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ನಾಲ್ಕು ಅಭ್ಯಾಸಗಳನ್ನು ಪರೀಕ್ಷಿಸಿತು: ಬಂದೂಕಿಗೆ ಬೀಗ ಹಾಕುವುದು, ತೋಟಾ ತೆಗೆದಿಡುವುದು, ತೋಟಾಗಳನ್ನು ಬೀಗದೊಳಗೆ ಇಡುವುದು, ಅವುಗಳನ್ನು ಬಂದೂಕಿನಿಂದ ಬೇರೆ ಸ್ಥಳದಲ್ಲಿ ಇಡುವುದು. ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳ ಹಾಗೂ ಹದಿಹರೆಯದವರ ಆಕಸ್ಮಿಕ ಗಾಯ ಮತ್ತು ಆತ್ಮಹತ್ಯೆಯ ಅಪಾಯ ಕಡಿಮೆ ಇರುವುದರೊಡನೆ ಸಂಬಂಧ ಹೊಂದಿತ್ತು. ಆತ್ಮಹತ್ಯೆಯ ಮಾತು ಇಲ್ಲಿ ಮುಖ್ಯವಾದುದು. ಮನೆಯ ಬಂದೂಕೆಂದರೆ ನಾವು ಕಳ್ಳನನ್ನೋ ಆಡುವ ಮಗುವನ್ನೋ ನೆನೆಯುತ್ತೇವೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗನನ್ನು, ಮನನೊಂದ ಸೊಸೆಯನ್ನು ನೆನೆಯುವುದಿಲ್ಲ. ದುಡುಕಿನ ಆವೇಗ ಹಲವು ಬಾರಿ ಕೆಲವೇ ನಿಮಿಷಗಳದ್ದು. ಆ ಹೊತ್ತಿನಲ್ಲಿ ಎರಡು ಬೀಗಗಳನ್ನು ತೆರೆಯಬೇಕಾಗಿ ಬಂದರೆ, ಅಷ್ಟರೊಳಗೆ ಮನಸ್ಸು ತಿರುಗಲು ಎಡೆ ಸಿಗುತ್ತದೆ.

ನಮ್ಮ ದೇಶದಲ್ಲಿ 1959ರ ಆಯುಧ ಅಧಿನಿಯಮ ಮತ್ತು 2016ರ ಆಯುಧ ನಿಯಮಗಳು ಜಾರಿಯಲ್ಲಿವೆ. ಪರವಾನಗಿಗೆ ಅರ್ಜಿ ಸಲ್ಲಿಸುವವರು ಸುರಕ್ಷತಾ ತರಬೇತಿ ಪಡೆಯಬೇಕೆಂದೂ ಆಯುಧವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬರೆದುಕೊಡಬೇಕೆಂದೂ ಈ ನಿಯಮಗಳು ಹೇಳುತ್ತವೆ. ಬಂದೂಕಾಗಲಿ ತೋಟಾಗಳಾಗಲಿ ಕಳುವಾದರೆ ಅಥವಾ ಕಳೆದುಹೋದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಪರವಾನಗಿಯ ಷರತ್ತುಗಳಲ್ಲೊಂದು. ಕೊಡಗಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಆ ನಾಡಿನಲ್ಲಿ ಆಯುಧದ ಗೌರವವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ವಿನಾಯಿತಿ ಇರುವುದು ಪರವಾನಗಿಗೆ, ಜೋಪಾನದ ಹೊಣೆಗಲ್ಲ.

ನಗರಗಳ ಎರಡು ಕೋಣೆಯ ಫ್ಲಾಟುಗಳಲ್ಲಿ ಸ್ಥಳದ ಅಡಚಣೆ ಸಹಜ. ಬಟ್ಟೆಯ ಬೀರುವಿನಲ್ಲೇ ಬಂದೂಕನ್ನಿಟ್ಟು, ಅದರ ಕೈಯನ್ನು ದೇವರ ಮನೆಯ ಮೊಳೆಗೋ ಅಡಿಗೆಯ ಡಬ್ಬಿಯೊಳಕ್ಕೋ ಸೇರಿಸುವ ರೂಢಿಯುಂಟು. ಮಕ್ಕಳಿಗೆ ಗೊತ್ತಿಲ್ಲದ ಡಬ್ಬಿ ಮನೆಯಲ್ಲಿ ಯಾವುದಿದೆ? ಬಂದೂಕಿಗೇ ಮೀಸಲಾದ ಉಕ್ಕಿನ ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿ ಭದ್ರಪಡಿಸಬೇಕು. ಹಗುರವಾದ ಪೆಟ್ಟಿಗೆಯನ್ನು ಸುಮ್ಮನೆ ನೆಲದ ಮೇಲಿಟ್ಟರೆ ಕಳ್ಳನಿಗೆ ಹಿಡಿ ಇರುವ ಸೂಟ್‌ಕೇಸನ್ನು ಒದಗಿಸಿದಂತಾಗುತ್ತದೆ. ಜೋಡುನಳಿಗೆ ಬಂದೂಕಿನ ನಳಿಗೆಗಳನ್ನು ಹಿಡಿಯಿಂದ ಬೇರ್ಪಡಿಸಲು ಅರ್ಧ ನಿಮಿಷ ಸಾಕು. ಅವೆರಡನ್ನೂ ಬೇರೆಬೇರೆ ಇಡುವುದು ಯಾವ ಒಳಬೀಗಕ್ಕಿಂತಲೂ ನೆಚ್ಚಬಹುದಾದ ಕ್ರಮ. ತೋಟಾಗಳಿಗೆ ಬೇರೆ ಬೀಗ ಇರಲಿ, ಆ ಕೈ ಪರವಾನಗಿದಾರರ ಬಳಿಯಲ್ಲೇ ಇರಲಿ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ, ಅಷ್ಟು ಕಾಲ ಬಂದೂಕನ್ನು ಪರವಾನಗಿ ಪಡೆದ ಆಯುಧ ವ್ಯಾಪಾರಿಯ ಬಳಿ ಅಥವಾ ಪೊಲೀಸ್ ಠಾಣೆಯಲ್ಲಿ ಇರಿಸುವ ಬಗ್ಗೆ ವಿಚಾರಿಸುವುದು ಮೇಲು.

ಪರವಾನಗಿದಾರರು ತೀರಿಕೊಂಡಾಗ ಉದ್ಭವಿಸುವ ಸ್ಥಿತಿಯ ಕಡೆಗೆ ಸಾಮಾನ್ಯವಾಗಿ ಯಾರೂ ಗಮನ ಕೊಡುವುದಿಲ್ಲ. ಬೀಗದಕೈ ಎಲ್ಲಿದೆಯೆಂದು ಪತ್ನಿಗೆ ತಿಳಿದಿರುವುದಿಲ್ಲ, ಒಳಗೆ ತೋಟಾ ಇದೆಯೇ ಇಲ್ಲವೇ ಎಂಬುದು ಮಕ್ಕಳಿಗೂ ತಿಳಿಯದು. ಪರವಾನಗಿ ಅವರೊಡನೆಯೇ ಮುಗಿಯುವುದರಿಂದ ಆಯುಧವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಠಾಣೆಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಆ ಬಳಿಕವೂ ಅರ್ಜಿ ಸಲ್ಲಿಸಬಹುದು. ಠಾಣೆಗೆ ಒಯ್ಯುವ ಮುನ್ನ ಬಂದೂಕನ್ನು ತಾವೇ ತೆರೆದು ನೋಡಲು ಹೋಗದೆ, ಬಲ್ಲವರನ್ನು ಕಳುಹಿಸಿಕೊಡುವಂತೆ ಠಾಣೆಗೆ ಫೋನ್ ಮಾಡಿ ಕೇಳಿಕೊಳ್ಳಬೇಕು.