ಲೆಡ್ಜರ್ ಬಲ್ಲವಳಿಗೆ ಡೇಟಾಬೇಸ್ ಹೊಸದಲ್ಲ

ಪುಟ್ಟಿ, ಕ್ಯಾಲಿಫೋರ್ನಿಯಾದ ಡಿ ಆಂಜಾ ಕಾಲೇಜಿನಲ್ಲಿ ಕಂಪ್ಯೂಟರ್ ಇನ್ಫರ್ಮೇಶನ್ ಸಿಸ್ಟಮ್ಸ್ ಓದಬೇಕೆಂದಿದ್ದವಳು ಈಗ ಹಿಂದೆಮುಂದೆ ನೋಡುತ್ತಿದ್ದೀಯಂತೆ. ಕನ್ನಡ ಕೂಟದ ಊಟದಲ್ಲಿ ಯಾರೋ ‘ಓಹ್, ಕಮ್ಯುನಿಟಿ ಕಾಲೇಜಾ?’ ಎಂದು ಮೂಗು ಮುರಿದರಂತೆ. ಅವರ ತಲೆಯಲ್ಲಿರುವುದು ನಮ್ಮೂರಿನ ಟ್ಯುಟೋರಿಯಲ್, ಎಸ್ಸೆಸ್ಸೆಲ್ಸಿ ಫೇಲಾದವರು ಹೋಗಿ ಕೂರುತ್ತಿದ್ದ ಜಾಗ. ಹೋಲಿಸಲೇಬೇಕೆಂದರೆ ಇದನ್ನು ನಮ್ಮ ಸಂಜೆ ಕಾಲೇಜಿಗೆ ಹೋಲಿಸು. ಹಗಲು ದುಡಿದವರು, ಮಕ್ಕಳನ್ನು ಮಲಗಿಸಿ ಬಂದವರು, ಆಗಷ್ಟೇ ಹೈಸ್ಕೂಲು ಮುಗಿಸಿದವರು ಎಲ್ಲರೂ ಒಂದೇ ಬೆಂಚಿನಲ್ಲಿ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಈ ಬಗೆಯ ಕಾಲೇಜುಗಳು ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಆಪಲ್ ಕಟ್ಟಿದವರಲ್ಲಿ ಒಬ್ಬನಾದ ಸ್ಟೀವ್ ವೋಜ್ನಿಯಾಕ್ ಡಿ ಆಂಜಾದಲ್ಲೂ ಓದಿದವನೇ. ಮುಂದಿನ ಸಲ ಮೂಗು ಮುರಿದವರಿಗೆ ಇಷ್ಟು ಹೇಳಿ ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕು.

ನಿನ್ನ ನಿಜವಾದ ಅಳುಕು ಬೇರೆ ಇದೆ ಅಂತ ನನಗೆ ಗೊತ್ತು. ‘ನಾನು ಬಿ.ಕಾಂ., ಅತ್ತೆ. ಇಲ್ಲಿ ಎಲ್ಲರೂ ಬಿ.ಇ.’ ಅನ್ನುವುದು ತಾನೆ? ಅದೇ ನಿನ್ನ ಬಂಡವಾಳ. ಕಂಪ್ಯೂಟರ್ ಸೈನ್ಸ್ ಓದುವವರು ಗಣಿತ, ಅಲ್ಗಾರಿದಮ್, ಕಂಪೈಲರ್‌ಗಳ ಆಳಕ್ಕೆ ಇಳಿಯುತ್ತಾರೆ. ಇನ್ಫರ್ಮೇಶನ್ ಸಿಸ್ಟಮ್ಸ್‌ನ ಕಣ್ಣು ಇರುವುದು ಒಂದು ಕಚೇರಿಯಲ್ಲಿ ಕೆಲಸ ಹೇಗೆ ಸಾಗುತ್ತದೆ ಎನ್ನುವುದರ ಮೇಲೆ. ಆರ್ಡರ್ ಎಲ್ಲಿಂದ ಬಂತು, ಬಿಲ್ ಯಾರು ಮಾಡಿದರು, ಹಣ ಯಾವ ಖಾತೆಗೆ ಬಿತ್ತು, ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು. ಕಾಲೇಜಿನಿಂದ ಕಾಲೇಜಿಗೆ ಈ ಗೆರೆ ಆಚೀಚೆ ಆಗುತ್ತದೆ; ಡಿ ಆಂಜಾದಲ್ಲಿ ಪ್ರೋಗ್ರಾಮಿಂಗ್ ಕೋರ್ಸುಗಳೂ ಇದೇ ವಿಭಾಗದ ಅಡಿಯಲ್ಲೇ ನಡೆದುಬಂದಿವೆ. ಹಾಗಾಗಿ ಹೆಸರು ನೋಡಿ ಆರಿಸಬೇಡ, ಕ್ಯಾಟಲಾಗ್ ತೆರೆದು ಪ್ರತಿ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಎಂದು ಓದು.

ದಾವಣಗೆರೆಯ ಪಿ.ಜೆ. ಬಡಾವಣೆಯ ಆಡಿಟರ್ ಆಫೀಸಿನಲ್ಲಿ ನೀನು ಟ್ಯಾಲಿ ಹಾಕುತ್ತಿದ್ದಾಗಿನ ಕೆಲಸ ನೆನಪಿಸಿಕೋ. ಒಬ್ಬನೇ ವ್ಯಾಪಾರಿ ಒಂದು ಬಿಲ್ಲಿನಲ್ಲಿ ‘ಮಂಜುನಾಥ ಟ್ರೇಡರ್ಸ್’, ಇನ್ನೊಂದರಲ್ಲಿ ‘ಮಂಜುನಾಥ್ ಟ್ರೇಡಿಂಗ್’, ಮತ್ತೊಂದರಲ್ಲಿ ಬರೀ ‘ಮಂಜಣ್ಣ’. ನೀನು ಆಗ ನೋಡುತ್ತಿದ್ದದ್ದು ಹೆಸರನ್ನಲ್ಲ, ಜಿಎಸ್‌ಟಿ ನಂಬರನ್ನು. 15 ಅಕ್ಷರ, ಮೊದಲೆರಡು ಕರ್ನಾಟಕದ 29, ಆಮೇಲೆ ಪ್ಯಾನ್. ಹೆಸರು ಹೇಗೆ ಬೇಕಾದರೂ ಬರೆದಿರಲಿ, ನಂಬರ್ ಒಂದೇ. ಡೇಟಾಬೇಸ್ ತರಗತಿಯ ಮೊದಲ ವಾರಗಳಲ್ಲೇ ಮೇಷ್ಟ್ರು ‘ಪ್ರೈಮರಿ ಕೀ’ ಎಂದಾಗ ಪಕ್ಕದ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ನಿನಗೆ ಅದು ಹಳೇ ಪರಿಚಯ. ವ್ಯಾಪಾರಿಯ ವಿಳಾಸವನ್ನು ಪ್ರತಿ ಬಿಲ್ಲಿನಲ್ಲೂ ಬರೆದಿಟ್ಟರೆ ಅಂಗಡಿ ಸ್ಥಳ ಬದಲಾದ ದಿನ ನೂರು ಕಡೆ ತಿದ್ದಬೇಕು. ಒಂದೇ ಕಡೆ ಬರೆದು ಉಳಿದೆಡೆ ನಂಬರ್ ಮಾತ್ರ ಇಟ್ಟರೆ ಒಂದು ಸಲ ತಿದ್ದಿದರೆ ಸಾಕು. ನಾರ್ಮಲೈಸೇಶನ್ ಎಂದು ಹೆದರಿಸುವ ಅಧ್ಯಾಯದ ಹೂರಣ ಬಹುಮಟ್ಟಿಗೆ ಇಷ್ಟೇ.

ಈ ವಿದ್ಯೆ ದೂರದಿಂದ ಬಂದದ್ದೂ ಅಲ್ಲ. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಟ್ಟು ಒಂದಕ್ಕೊಂದು ಸಂಬಂಧ ಕಲ್ಪಿಸುವ ರಿಲೇಶನಲ್ ಮಾದರಿಯನ್ನು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ್ದು ನಿಮ್ಮ ಮನೆಯ ಪಕ್ಕದ ಸ್ಯಾನ್ ಹೋಸೆಯಲ್ಲಿ, ಐಬಿಎಂನ ಪ್ರಯೋಗಾಲಯದಲ್ಲಿದ್ದಾಗ. ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆ ಹುಟ್ಟಿದ್ದೂ ಆ ಪ್ರಯೋಗಾಲಯದಲ್ಲೇ, ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕೈಯಲ್ಲಿ.

ಕೆಲಸದ ಕಡೆ ನೋಡಿದರೂ ನಿನ್ನ ದಾರಿ ಕೋಡ್ ಬರೆಯುವ ಗಂಡನ ದಾರಿಯೇ ಆಗಬೇಕಿಲ್ಲ. ಎನ್ರಾನ್ ಕಂಪನಿ ಲೆಕ್ಕದ ವಂಚನೆಯಲ್ಲಿ ಮುಳುಗಿದ ಮೇಲೆ, 2002ರಲ್ಲಿ, ಸಾರ್ಬೇನ್ಸ್-ಆಕ್ಸ್‌ಲಿ ಕಾನೂನು ಬಂತು. ಷೇರುಪೇಟೆಯಲ್ಲಿರುವ ಕಂಪನಿಗಳು ತಮ್ಮ ಹಣಕಾಸು ವರದಿಯ ಹಿಂದಿನ ಒಳ ನಿಯಂತ್ರಣ ಸರಿಯಿದೆ ಎಂದು ಪ್ರತಿ ವರ್ಷ ತೋರಿಸಬೇಕು. ಈಗ ಲೆಕ್ಕವೆಲ್ಲ ಇರುವುದು ಎಸ್‌ಎಪಿ, ಒರಾಕಲ್‌ನಂಥ ಸಿಸ್ಟಮ್‌ಗಳಲ್ಲಿ. ಬಿಲ್ ಸೇರಿಸುವವನಿಗೇ ಅದನ್ನು ಪಾಸು ಮಾಡುವ ಅನುಮತಿಯೂ ಇದೆಯೇ ಎಂದು ಸಿಸ್ಟಮ್ ಒಳಗೆ ಹೊಕ್ಕು ನೋಡಬೇಕು. ಕೋಡ್ ಬರೆಯುವವನಿಗೆ ಡೆಬಿಟ್-ಕ್ರೆಡಿಟ್ ತಿಳಿಯದು, ಲೆಕ್ಕಿಗನಿಗೆ ಡೇಟಾಬೇಸ್ ತಿಳಿಯದು. ಎರಡೂ ಬಲ್ಲವಳು ನೀನಾಗು. ಐಟಿ ಆಡಿಟ್, ಬಿಸಿನೆಸ್ ಸಿಸ್ಟಮ್ಸ್ ಅನಾಲಿಸ್ಟ್ ಎಂಬ ಹುದ್ದೆಗಳ ಜಾಹೀರಾತು ಓದುತ್ತಾ ಬಾ, ಅವರು ಕೇಳುವ ಪದಗಳು ಕಿವಿಗೆ ಬೀಳಲಿ.

ದುಡ್ಡಿನ ವಿಷಯ. ರಾಜ್ಯದ ನಿವಾಸಿಗಳಿಗೆ ಕ್ವಾರ್ಟರ್ ಲೆಕ್ಕದಲ್ಲಿ ನಡೆಯುವ ಈ ಕಾಲೇಜಿನಲ್ಲಿ ಯೂನಿಟ್‌ಗೆ 31 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ. ಹೊರಗಿನವರಿಗೆ ಅದರ ಹಲವು ಪಟ್ಟು. ನಿನ್ನಂತೆ ಗಂಡನ ಕೆಲಸದ ವೀಸಾದ ಮೇಲೆ ಬಂದ ಎಚ್-4 ವೀಸಾದವರೂ ನಿವಾಸಿಗಳೆನಿಸಿಕೊಳ್ಳಬಹುದು, ಆದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ಇದ್ದದ್ದಕ್ಕೆ ದಾಖಲೆ ಬೇಕು. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಜಂಟಿ ತೆರಿಗೆ ರಿಟರ್ನ್ ಎಲ್ಲ ಒಂದು ಫೈಲಿನಲ್ಲಿಡು. ಬಾಡಿಗೆ ಕರಾರಿನಲ್ಲಿ ನಿನ್ನ ಹೆಸರೂ ಇರಲಿ. ಓದಲು ಎಚ್-4ಗೆ ಬೇರೆ ವೀಸಾ ಬೇಡ, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗು ಎಂದು ಯಾರಾದರೂ ಹೇಳಿದರೆ ಆತುರ ಬೇಡ. ಆದರೆ ಕೆಲಸಕ್ಕೆ ಇಎಡಿ ಎಂಬ ಪರವಾನಗಿ ಬೇಕೇ ಬೇಕು. ಅದಕ್ಕೆ ಮೊದಲು ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್ ಹಾದಿಯ ಐ-140 ಅರ್ಜಿ ಮಂಜೂರಾಗಿರಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ತಾನೆ ಎಂದು ವಕೀಲರನ್ನು ಕೇಳದೆ ಹೂಂ ಅನ್ನಬೇಡ.

ಇನ್ನು ತರಗತಿ. ಕ್ವಾರ್ಟರ್ ಎಂದರೆ ಪರೀಕ್ಷೆಯೂ ಸೇರಿ ಸುಮಾರು 12 ವಾರ. ನಮ್ಮ ಸೆಮಿಸ್ಟರ್‌ನ ಹಾಗೆ ಕೊನೆಗೆ ಗೈಡ್ ಹಿಡಿದು ಕೂರಲು ಸಮಯ ಸಿಗುವುದಿಲ್ಲ. ಮೊದಲ ಸಲ ಒಂದು ಪ್ರೋಗ್ರಾಮಿಂಗ್ ಕೋರ್ಸು ಸಾಕು, ಜೊತೆಗೆ ಬೇಕಿದ್ದರೆ ಹಗುರವಾದದ್ದೊಂದು. ಮೊದಲ ತರಗತಿ ತಪ್ಪಿಸಬೇಡ, ಬಾರದವರ ಹೆಸರು ತೆಗೆದು ಕಾಯುವ ಪಟ್ಟಿಯವರಿಗೆ ಜಾಗ ಕೊಡುವುದುಂಟು. ಕೋರ್ಸು ತಲೆಗೆ ಹತ್ತುತ್ತಿಲ್ಲ ಎನಿಸಿದರೆ ಬಿಡಲು ಕೊನೆಯ ದಿನಾಂಕ ಇರುತ್ತದೆ. ಅದಕ್ಕೂ ಮೊದಲು ಬಿಟ್ಟರೆ ಅಂಕಪಟ್ಟಿಗೆ ಎಫ್ ಬೀಳುವುದಿಲ್ಲ. ಮೇಷ್ಟ್ರ ಆಫೀಸ್ ಅವರ್ಸ್‌ಗೆ ಹೋಗು. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆಸಿದರೆ ಬೈಗುಳವೇ ಗತಿ ಎಂದು ಹೆದರಿ ಬೆಳೆದಿದ್ದೇವೆ. ಇಲ್ಲಿ ಆ ಸಮಯ ಇಟ್ಟಿರುವುದೇ ನಿನ್ನಂಥವರು ಬಂದು ಕೇಳಲಿ ಎಂದು. ಬರೆದಷ್ಟು ಕೋಡ್ ತೆಗೆದುಕೊಂಡು ಹೋಗು, ಎಲ್ಲಿ ನಿಂತೆ ಎಂದು ತೋರಿಸು.

ಹೋಂವರ್ಕ್‌ಗೆ ಚಾಟ್‌ಜಿಪಿಟಿಯ ಹತ್ತಿರ ಹೋಗುವ ಆಸೆಗಿಂತ ಗಂಡನ ಹತ್ತಿರ ಹೋಗುವ ಆಸೆ ನಿನಗೆ ದೊಡ್ಡದು. ಅವನು ಒಳ್ಳೆಯ ಹುಡುಗ, ಆದರೆ ಐದು ನಿಮಿಷದಲ್ಲಿ ಕೀಬೋರ್ಡ್ ಕಿತ್ತುಕೊಂಡು ತಾನೇ ಬರೆದುಬಿಡುತ್ತಾನೆ. ನೀನು ಪಕ್ಕದಲ್ಲಿ ಕಾಫಿ ಹಿಡಿದು ನಿಂತಿರುತ್ತೀಯ. ತಪ್ಪು ಹುಡುಕಿ ಕೊಡು ಎನ್ನಬೇಡ, ತಪ್ಪು ಹುಡುಕುವುದು ಹೇಗೆಂದು ಹೇಳು ಎನ್ನು, ಕೈ ಮಾತ್ರ ನಿನ್ನದೇ ಇರಲಿ.

ಒಂದು ಕೆಲಸ ಈ ವಾರವೇ ಆಗಬೇಕು. ನಿಮ್ಮಪ್ಪನಿಗೆ ಫೋನ್ ಮಾಡಿ ದಾವಣಗೆರೆ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಟ್ರಾನ್ಸ್‌ಕ್ರಿಪ್ಟ್ ತೆಗೆಸಲು ಹೇಳು, ಒಂದಲ್ಲ, ಎರಡು ಮೂರು ಪ್ರತಿ. ಡಿ ಆಂಜಾಕ್ಕೆ ಸೇರಲು ಅದು ತಕ್ಷಣ ಬೇಕಾಗದಿರಬಹುದು. ಮುಂದೆ ಎಂ.ಎಸ್. ಮಾಡುವ ಮನಸ್ಸಾದರೆ ವಿದೇಶಿ ಪದವಿಗಳ ಮೌಲ್ಯಮಾಪನ ಸಂಸ್ಥೆಗೆ ಅದನ್ನು ಕಳಿಸಬೇಕು. ಮೂರು ವರ್ಷದ ಬಿ.ಕಾಂ. ಅನ್ನು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮವೆಂದು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. ಆಗ ಈ ಕಾಲೇಜಿನಲ್ಲಿ ಗಳಿಸಿದ ಯೂನಿಟ್‌ಗಳು ನಿನ್ನ ಪರವಾಗಿ ಮಾತಾಡಬೇಕಾಗುತ್ತದೆ. ಅಣ್ಣ ನಾಳೆ ನಾಳೆ ಎಂದರೆ ನನಗೆ ಹೇಳು, ನಾನು ವಿಚಾರಿಸಿಕೊಳ್ಳುತ್ತೇನೆ.